ನಡುವಯಸ್ಸಿನಲ್ಲಿ ಪಿಟೀಲಿನ ಸಾಧನೆ

ವಿದ್ಯೆಗೆ ವಯಸ್ಸಿನ ಕಟ್ಟಿಲ್ಲವೆಂಬ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಮಕ್ಕಳ ಎದುರಿನಲ್ಲಿ ಹೇಳಿಯೂ ಹೇಳುತ್ತೇವೆ. ಆದರೆ ಐವತ್ತರ ಹತ್ತಿರ ಬಂದ ಮನೆಯ ಯಜಮಾನರು ಒಂದು ದಿನ ಪಿಟೀಲು ಕೊಂಡು ತಂದು ಪಡಸಾಲೆಯಲ್ಲಿ ಕುಳಿತರೆಂದರೆ ಆ ಮಾತು ಯಾರಿಗೂ ನೆನಪಿರುವುದಿಲ್ಲ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನೆರೆಯವರು ಕಟ್ಟೆಯ ಮೇಲೆ ಕುಳಿತು, "ಈ ವಯಸ್ಸಿನಾಗ ಇದೆಲ್ಲ ಯಾಕ ಬೇಕಾಗಿತ್ತರೀ ಇವರಿಗೆ?" ಎನ್ನುತ್ತಾರೆ. ಕಲಿಯಲು ಹೊರಟವರು ಮನೆಯ ತಾಯಿಯೋ ಸೊಸೆಯೋ ಆಗಿದ್ದರಂತೂ ಮಾತು ಇನ್ನಷ್ಟು ಹರಿತವಾಗುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಪಿಟೀಲು ಆರು ತಿಂಗಳೊಳಗೆ ಅಟ್ಟ ಸೇರುತ್ತದೆ. ಬೆರಳು ಬಾಗದೆ ವಾದ್ಯ ಬಿಟ್ಟವರಿಗಿಂತ ನಾಚಿಕೆಯಿಂದ ಬಿಟ್ಟವರೇ ಹೆಚ್ಚು ಎಂಬುದು ನಮ್ಮ ಅನಿಸಿಕೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಕ್ತ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಸೋಮವಾರದ ಭಜನೆ, ಶ್ರಾವಣ ಮಾಸದ ಪುರಾಣ, ಪುಷ್ಯ ಮಾಸದ ಗವಿಸಿದ್ಧೇಶ್ವರ ಜಾತ್ರೆ, ಇವೆಲ್ಲದರಲ್ಲಿಯೂ ಸಂಗೀತ ಹಾಸುಹೊಕ್ಕಾಗಿದೆ. ಪೇಟಿ ಮತ್ತು ತಬಲಾ ಇಲ್ಲದ ಭಜನಾ ಮಂಡಳಿ ಕಾಣಸಿಗುವುದು ಅಪರೂಪ. ಆದರೆ ಪಿಟೀಲು ನುಡಿಸಬಲ್ಲವರಿರುವ ಮಂಡಳಿಯನ್ನು ಹುಡುಕಿಕೊಂಡೇ ಹೋಗಬೇಕು. ಈ ಕೊರತೆಯನ್ನು ಬಾಲಕರಷ್ಟೇ ತುಂಬಬೇಕೆ? ಹಿರಿಯರೂ ತುಂಬಬಹುದೆ? ಈ ಪ್ರಶ್ನೆಯನ್ನು ಸಮಾಧಾನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಪರದೇಶದಿಂದ ಬಂದು ನಮ್ಮದಾದ ವಾದ್ಯ

ಇಂದು ನಾವು ಕಾಣುವ ರೂಪದ ಪಿಟೀಲು ಹದಿನಾರನೆಯ ಶತಮಾನದಲ್ಲಿ ಇಟಲಿ ದೇಶದಲ್ಲಿ ಸಿದ್ಧವಾಯಿತು. ಅಲ್ಲಿಯ ಕ್ರೆಮೋನಾ ಪಟ್ಟಣದ ಕುಶಲಿಗರು ಅದಕ್ಕೆ ಜಗತ್ತಿನಲ್ಲಿ ಹೆಸರು ತಂದರು. ದಕ್ಷಿಣ ಭಾರತದ ಸಂಗೀತಕ್ಕೆ ಇದನ್ನು ಒಗ್ಗಿಸಿದವರಲ್ಲಿ ಮೊದಲಿಗರೆಂದು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರನ್ನು (1786–1858) ಸ್ಮರಿಸುತ್ತಾರೆ. ನಮ್ಮ ನಾಡಿನಲ್ಲಿ ಪಿಟೀಲು ಚೌಡಯ್ಯನವರು (1895–1967) ಏಳು ತಂತಿಗಳ ಪಿಟೀಲನ್ನು ರೂಢಿಗೆ ತಂದು, ಧ್ವನಿವರ್ಧಕವಿಲ್ಲದ ಕಾಲದ ಸಭೆಗಳಲ್ಲಿ ಕಟ್ಟಕಡೆಯ ಶ್ರೋತೃವಿಗೂ ನಾದ ಮುಟ್ಟುವಂತೆ ಮಾಡಿದರು. ಹಿಂದೂಸ್ಥಾನಿ ಪದ್ಧತಿಯಲ್ಲಿ ಗಜಾನನರಾವ್ ಜೋಶಿ, ವಿ. ಜಿ. ಜೋಗ, ಎನ್. ರಾಜಂ ಮೊದಲಾದವರು ಇದಕ್ಕೆ ಗಾಯನಕ್ಕೆ ಸಮನಾದ ಗೌರವವನ್ನು ದೊರಕಿಸಿದರು.

ಪೇಟಿಯಿದ್ದ ಮೇಲೆ ಪಿಟೀಲೇಕೆ ಎಂದು ಕೆಲವರು ಕೇಳಬಹುದು. ಪೇಟಿಯಲ್ಲಿ ಒಂದು ಮನೆಗೆ ಒಂದೇ ಸ್ವರ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೆಗೆದೇ ಹೋಗಬೇಕು. ವಚನ ಗಾಯನದಲ್ಲಾದರೋ ಕಂಠವು ಸ್ವರದಿಂದ ಸ್ವರಕ್ಕೆ ಜಾರುತ್ತದೆ, ಓಲಾಡುತ್ತದೆ, ಕೆಲವೊಮ್ಮೆ ನಡುವೆಯೇ ನಿಂತು ನಿಟ್ಟುಸಿರು ಬಿಡುತ್ತದೆ. ಗವಾಯಿಗಳು ಮೀಂಡ್ ಎಂದು ಕರೆಯುವ ಈ ಎಳೆತವನ್ನು ಪೇಟಿ ತೋರಿಸಲಾರದು, ಪಿಟೀಲು ತೋರಿಸಬಲ್ಲದು. ಮನುಷ್ಯನ ಕಂಠಕ್ಕೆ ಅತ್ಯಂತ ಸಮೀಪದ ತಂತಿವಾದ್ಯಗಳಲ್ಲಿ ಇದೂ ಒಂದು.

ಗದುಗಿನ ಪಾಠ

ನಮ್ಮ ಭಾಗಕ್ಕೆ ಸಂಗೀತದ ತವರು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದ ಮೇಲೆ ಅಷ್ಟಕ್ಕೇ ತೃಪ್ತರಾಗದೆ ಹಿಂದೂಸ್ಥಾನಿ ಪದ್ಧತಿಯನ್ನೂ ಗುರುಮುಖದಿಂದ ಕಲಿತರು, 'ಉಭಯ ಗಾಯನಾಚಾರ್ಯ'ರೆನಿಸಿದರು. ಒಂದು ವಿದ್ಯೆಯಲ್ಲಿ ಪಳಗಿದವರು ಇನ್ನೊಂದು ವಿದ್ಯೆಗೆ ಮತ್ತೆ ಶಿಷ್ಯರಾಗಿ ಕುಳಿತ ಈ ವಿನಯವೇ ನಮಗೆ ಮೊದಲ ಪಾಠ.

ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡವರು. ಆದರೂ ಗಾಯನದೊಂದಿಗೆ ಪೇಟಿ, ತಬಲಾ, ಸಾರಂಗಿ, ಪಿಟೀಲು ಮೊದಲಾದ ಅನೇಕ ವಾದ್ಯಗಳು ಅವರ ಕೈವಶವಾಗಿದ್ದವು. 2010ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅಂಧರಿಗೆ, ಅನಾಥರಿಗೆ, ಬಡವರ ಮಕ್ಕಳಿಗೆ ಜಾತಿಯನ್ನು ಕೇಳದೆ ಅನ್ನವನ್ನೂ ವಿದ್ಯೆಯನ್ನೂ ನೀಡಿದ ಆ ಆಶ್ರಮದಲ್ಲಿ ಪಿಟೀಲಿನ ಮರ್ಮವೊಂದು ತಾನಾಗಿ ಬಯಲಾಗುತ್ತದೆ. ಕಣ್ಣಿಲ್ಲದವರು ಈ ವಾದ್ಯವನ್ನು ಹೇಗೆ ಕಲಿತರು? ಪಿಟೀಲಿಗೆ ಸಿತಾರದಂತೆ ಮೆಟ್ಟಿಲುಗಳಿಲ್ಲ, ಪೇಟಿಯಂತೆ ಮನೆಗಳಿಲ್ಲ. ಬೆರಳನ್ನು ಎಲ್ಲಿ ಇರಿಸಬೇಕೆಂದು ಹಲಗೆಯ ಮೇಲೆ ಯಾವ ಗುರುತೂ ಇರುವುದಿಲ್ಲ. ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಅದನ್ನು ಕಿವಿಯೊಂದೇ ಹೇಳಬಲ್ಲದು. ಹೀಗೆ ಪಿಟೀಲಿನಲ್ಲಿ ಕಣ್ಣಿಗೆ ಕೆಲಸ ಕಡಿಮೆ, ಕಿವಿಗೆ ಕೆಲಸ ಬಹಳ.

ವಯಸ್ಸಿನ ನಷ್ಟ, ವಯಸ್ಸಿನ ಲಾಭ

ಈ ಮರ್ಮವನ್ನು ತಿಳಿದ ಮೇಲೆ ವಯಸ್ಸಿನ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಬೇಕಾಗುತ್ತದೆ. ಎಳೆಯ ಬೆರಳಿಗೆ ಇರುವ ಮಿದುತನ ಬಲಿತ ಬೆರಳಿಗೆ ಇಲ್ಲವೆಂಬುದು ದಿಟ. 1995ರಲ್ಲಿ ಜರ್ಮನಿಯ ವಿಜ್ಞಾನಿಗಳು ತಂತಿವಾದ್ಯ ನುಡಿಸುವವರ ಮಿದುಳನ್ನು ಪರೀಕ್ಷಿಸಿ ಒಂದು ವಿಚಾರವನ್ನು ಪ್ರಕಟಿಸಿದರು. ಎಡಗೈಯ ಬೆರಳುಗಳ ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗವು ಇತರರಿಗಿಂತ ಇವರಲ್ಲಿ ಹೆಚ್ಚು ವಿಸ್ತಾರವಾಗಿತ್ತು. ಚಿಕ್ಕಂದಿನಲ್ಲಿಯೇ ಕಲಿತವರಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಆದುದರಿಂದ ಐವತ್ತಕ್ಕೆ ಆರಂಭಿಸಿದವರು ಸಂಗೀತ ಸಮ್ಮೇಳನದಲ್ಲಿ ದ್ರುತ ಲಯದ ತಾನಗಳನ್ನು ಬಾರಿಸಿ ಚಪ್ಪಾಳೆ ಗಿಟ್ಟಿಸುವ ಆಸೆಯನ್ನು ಇಟ್ಟುಕೊಳ್ಳದಿರುವುದೇ ಒಳಿತು.

ಲಾಭದ ಬದಿಯಲ್ಲಿ ಏನಿದೆ? ಭಜನೆಯ ಮನೆಯಲ್ಲಿ ಬೆಳೆದವರ ಕಿವಿಯಲ್ಲಿ ನಲವತ್ತು ವರುಷಗಳ ನಾದ ತುಂಬಿರುತ್ತದೆ. ನೂರಾರು ವಚನಗಳ ಧಾಟಿ, ಮಂಗಳಾರತಿಯ ಹಾಡು, ತತ್ವಪದ, ತೊಟ್ಟಿಲ ಪದ ಎಲ್ಲವೂ ಅಲ್ಲಿ ಭದ್ರವಾಗಿವೆ. ಏಳು ವರುಷದ ಬಾಲಕನಿಗೆ ಗುರುಗಳು ಸ್ವರವನ್ನೂ ಕಲಿಸಬೇಕು, ಕಿವಿಯನ್ನೂ ತಯಾರಿಸಬೇಕು. ಹಿರಿಯರಲ್ಲಿ ಕಿವಿ ಮೊದಲೇ ಸಿದ್ಧವಾಗಿದೆ. ವಿಚಿತ್ರವೆಂದರೆ ಈ ಸಂಪತ್ತೇ ಅವರನ್ನು ಹಿಂದೆಗೆಯುವಂತೆ ಮಾಡುತ್ತದೆ. ಬಾಲಕನು ಅಪಸ್ವರವನ್ನು ನುಡಿಸಿಯೂ ಸಂತೋಷದಿಂದ ಆಡಲು ಓಡುತ್ತಾನೆ. ಹಿರಿಯರು ತಮ್ಮ ಅಪಸ್ವರವನ್ನು ತಾವೇ ಕೇಳಿ ಕುಗ್ಗುತ್ತಾರೆ. ಆ ನೋವು ದಡ್ಡತನದ ಗುರುತಲ್ಲ. ಕಿವಿ ಕೈಗಿಂತ ಮುಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಕೈ ನಿಧಾನವಾಗಿ ಬಂದು ಕಿವಿಯನ್ನು ಕೂಡಿಕೊಳ್ಳುವವರೆಗೆ ತಾಳುವುದೇ ಇಲ್ಲಿಯ ತಪಸ್ಸು.

ತಡವಾಗಿ ಆರಂಭಿಸಿದವರ ಉದಾಹರಣೆಗಳು ಇಲ್ಲದಿಲ್ಲ. ಜಪಾನಿನ ಶಿನಿಚಿ ಸುಝುಕಿಯವರ (1898–1998) ತಂದೆಯದು ಪಿಟೀಲು ತಯಾರಿಸುವ ಕಾರಖಾನೆ. ಆದರೂ ಮಗನು ಪಿಟೀಲನ್ನು ಅಭ್ಯಾಸಕ್ಕೆ ಎತ್ತಿಕೊಂಡದ್ದು ಹದಿನೇಳರ ಸುಮಾರಿಗೆ, ಗ್ರಾಮಫೋನಿನಲ್ಲಿ ಒಬ್ಬ ಮಹಾನ್ ವಾದಕರನ್ನು ಕೇಳಿ ಬೆರಗಾದ ಮೇಲೆ. ಪಾಶ್ಚಾತ್ಯರ ಲೆಕ್ಕದಲ್ಲಿ ಅದು ಬಹಳ ತಡ. ಅದೇ ಸುಝುಕಿಯವರು ಮುಂದೆ, ಮಕ್ಕಳು ತಾಯ್ನುಡಿಯನ್ನು ಕಲಿಯುವ ಹಾಗೆಯೇ ಕೇಳಿ ಕೇಳಿ ಸಂಗೀತವನ್ನು ಕಲಿಯಬೇಕೆಂಬ ಬೋಧನ ಪದ್ಧತಿಯನ್ನು ರೂಪಿಸಿ ಲೋಕಪ್ರಸಿದ್ಧರಾದರು. ನಮ್ಮ ಶರಣ ಪರಂಪರೆಯಲ್ಲಿಯೇ ನೋಡಿದರೆ, ಕಿನ್ನರಿ ಬೊಮ್ಮಯ್ಯನವರು ಮೊದಲು ಅಕ್ಕಸಾಲೆಯ ವೃತ್ತಿಯಲ್ಲಿದ್ದು, ಅದನ್ನು ತೊರೆದ ಮೇಲೆ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡರೆಂದು ಕಥನವಿದೆ. ಬದುಕಿನ ನಡುದಾರಿಯಲ್ಲಿ ತಂತಿಯ ನಾದಕ್ಕೆ ಒಲಿದವರು ಕಲ್ಯಾಣದ ಕಾಲದಲ್ಲಿಯೂ ಇದ್ದರೆಂದು ನಾವು ನೆನೆಯಬಹುದು.

ಸಾಧನೆಯ ಕ್ರಮ

ಇನ್ನು ಕಲಿಯುವ ಬಗೆಯನ್ನು ಕುರಿತು ನಾಲ್ಕು ಮಾತು. ಪಿಟೀಲುಗಳಲ್ಲಿ ಮಕ್ಕಳಿಗೆಂದೇ ಕಾಲು, ಅರೆ, ಮುಕ್ಕಾಲು ಅಳತೆಯವು ಬರುತ್ತವೆ. ಪ್ರಾಯದವರು ಪೂರ್ಣ ಅಳತೆಯದನ್ನೇ ಕೊಳ್ಳಬೇಕು. ಕೊಳ್ಳುವಾಗ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಕ್ಷೇಮ. ನಮ್ಮ ಪದ್ಧತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು, ವಾದ್ಯದ ತಲೆಯನ್ನು ಬಲಪಾದದ ಮೇಲೂ ಒಡಲನ್ನು ಎಡ ಎದೆ ಮತ್ತು ಭುಜಕ್ಕೆ ಒರಗಿಸಿಯೂ ಹಿಡಿಯುತ್ತಾರೆ. ಮೊಣಕಾಲು ನೋವಿನಿಂದ ನೆಲಕ್ಕೆ ಕೂಡಲಾಗದವರು ಗುರುಗಳನ್ನು ಕೇಳಿ ಕುರ್ಚಿಯ ಮೇಲೆ ಅನುಕೂಲ ಮಾಡಿಕೊಳ್ಳಬಹುದು.

ಮೊದಲ ಕೆಲವು ವಾರ ಎಡಗೈಗೆ ಕೆಲಸವೇ ಬೇಡ. ಗವಾಯಿಗಳು ಗಜವೆನ್ನುವ ಕಮಾನಿನ ಕುದುರೆಗೂದಲಿಗೆ ಹದವಾಗಿ ರಾಳ ತೀಡಿ, ಬಿಟ್ಟ ತಂತಿಗಳ ಮೇಲೆ ಒಂದೇ ಒತ್ತಡದಲ್ಲಿ, ಒಂದೇ ವೇಗದಲ್ಲಿ, ತುದಿಯಿಂದ ತುದಿಯವರೆಗೆ ಎಳೆಯುವುದನ್ನು ಕಲಿಯಬೇಕು. ಕಿರಿಚುವ ಸದ್ದು ಹುಟ್ಟುವುದು ಬಹುಮಟ್ಟಿಗೆ ಕಮಾನಿನ ದೋಷದಿಂದ. ಬಲಗೈ ಹದಕ್ಕೆ ಬಂದ ಮೇಲೆ ತಂಬೂರಿಯ ಶ್ರುತಿಯನ್ನು ಇಟ್ಟುಕೊಂಡು ಷಡ್ಜ, ಪಂಚಮಗಳನ್ನು ಕೂಡಿಸಬೇಕು. ಇಂದು ಮೊಬೈಲಿನಲ್ಲಿಯೇ ತಂಬೂರಿ ದೊರೆಯುವುದರಿಂದ ಅದಕ್ಕಾಗಿ ಖರ್ಚಿಲ್ಲ. ಪ್ರತಿ ಸ್ವರವನ್ನೂ ಮೊದಲು ಬಾಯಲ್ಲಿ ಹಾಡಿ ಆಮೇಲೆ ತಂತಿಯಲ್ಲಿ ಹುಡುಕುವುದು ಉತ್ತಮ ಅಭ್ಯಾಸ. ಅಲಂಕಾರಗಳಾದ ಬಳಿಕ ಐದೇ ಸ್ವರಗಳ ಭೂಪ ರಾಗ, ಅದರ ಹಿಂದೆಯೇ ತಮಗೆ ಬಾಯಿಪಾಠವಿರುವ ಒಂದು ವಚನದ ಸರಳ ಧಾಟಿ, ಹೀಗೆ ಮುಂದುವರಿಯಬಹುದು.

ವಾರಕ್ಕೊಮ್ಮೆ ಎರಡು ತಾಸು ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಕುಳಿತುಕೊಳ್ಳುವುದು ಲೇಸು. ಲಿಂಗಪೂಜೆಗೆ ಹೊತ್ತು ಗೊತ್ತು ಇರುವಂತೆ ಇದಕ್ಕೂ ಒಂದು ಹೊತ್ತಿರಲಿ. ಕುತ್ತಿಗೆ, ಭುಜ, ಮಣಿಕಟ್ಟುಗಳಲ್ಲಿ ನೋವು ಕಂಡರೆ ಹಟ ಮಾಡದೆ ನಿಲ್ಲಿಸಬೇಕು. ನಮ್ಮ ಸೀಮೆಯ ಬೇಸಿಗೆಯ ಒಣಹವೆಗೆ ಕಟ್ಟಿಗೆ ಸಂಕೋಚಗೊಂಡು ತಂತಿಯ ಬಿರಡೆಗಳು ಜಾರುತ್ತವೆ. ವಾದ್ಯವನ್ನು ಬಿಸಿಲಿಗೂ ತಗಡಿನ ಮಾಡಿನ ಕಾವಿಗೂ ಇಡದೆ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ನುಡಿಸಿದ ಮೇಲೆ ಕಮಾನಿನ ಬಿಗಿಯನ್ನು ಸಡಿಲಿಸುವುದನ್ನು ಮರೆಯಬಾರದು.

ದೂರದರ್ಶನ, ಮೊಬೈಲುಗಳ ಪಾಠಗಳನ್ನು ಕೇಳುವುದು ತಪ್ಪಲ್ಲ. ಆದರೆ ಮಣಿಕಟ್ಟು ಸೊಟ್ಟಾಗಿದ್ದುದನ್ನು ಕೈಹಿಡಿದು ತಿದ್ದಲು ಗುರುಗಳೇ ಬೇಕು. ಕೊಪ್ಪಳದಿಂದ ಗದಗು ರೈಲಿನ ದಾರಿಯಲ್ಲಿ ಹತ್ತಿರದ ಊರು. ಪುಣ್ಯಾಶ್ರಮದಲ್ಲಿ ಕಲಿತ ಅನೇಕರು ಉತ್ತರ ಕರ್ನಾಟಕದ ಊರೂರುಗಳಲ್ಲಿ ಸಂಗೀತ ಪಾಠವನ್ನೇ ಕಾಯಕ ಮಾಡಿಕೊಂಡಿದ್ದಾರೆ. ಅವರಲ್ಲಿ ದೃಷ್ಟಿಹೀನರೂ ಇದ್ದಾರೆ. ಹಿರಿಯರೊಬ್ಬರು ಶಿಷ್ಯರಾದರೆ ಅಂತಹ ಒಂದು ಮನೆಯ ಒಲೆಗೆ ನೆರವಾದಂತೆಯೂ ಆಯಿತು. ಕಲಿಯುವವರ ಸಂತೋಷಕ್ಕೆ ಇದು ಸಣ್ಣ ಸೇರ್ಪಡೆಯಲ್ಲ.

ಮನೆಯವರಲ್ಲಿ ಒಂದು ವಿನಂತಿ

ಕೊನೆಯ ಮಾತು ಕಲಿಯುವವರಿಗಲ್ಲ, ಅವರ ಮನೆಯವರಿಗೆ. ಗಂಗಾವತಿ ಕಡೆಯ ಗದ್ದೆಯಲ್ಲಿ ನಾಟಿ ಮಾಡಿದ ಮರುದಿನವೇ ಯಾರೂ ತೆನೆ ಕೇಳುವುದಿಲ್ಲ. ಯಲಬುರ್ಗಾ, ಕುಷ್ಟಗಿಯ ಎರೆಹೊಲದಲ್ಲಿ ಜೋಳ ಬಿತ್ತಿದವನು ಮುಗಿಲು ನೋಡಿ ಕಾಯುತ್ತಾನೆ. ಒಕ್ಕಲುತನದಲ್ಲಿ ಇಷ್ಟು ತಾಳ್ಮೆಯುಳ್ಳ ನಾವು ತಂದೆಯ ಅಥವಾ ತಾಯಿಯ ಕೈಯ ಒಂದು ವರುಷದ ಅಪಸ್ವರವನ್ನು ತಾಳಲಾರೆವೆ? ಅವರು ಜೀವಮಾನವೆಲ್ಲ ನಮ್ಮ ತೊದಲು ನುಡಿಯನ್ನೂ ತಪ್ಪು ಹೆಜ್ಜೆಯನ್ನೂ ನಗದೆ ತಾಳಿದವರು. ಅಂಗಡಿ, ಹೊಲ, ಶಾಲೆ, ಅಡುಗೆಮನೆಗಳ ದುಡಿಮೆಯಲ್ಲಿ ತಮ್ಮ ಆಸೆಯೊಂದನ್ನು ಮೂವತ್ತು ವರುಷ ಮಡಿಸಿಟ್ಟವರು ಈಗ ಅದನ್ನು ಬಿಚ್ಚಿದ್ದಾರೆ. ಆ ಹೊತ್ತಿನಲ್ಲಿ ದೂರದರ್ಶನದ ಸದ್ದನ್ನು ಸ್ವಲ್ಪ ತಗ್ಗಿಸುವುದು, ಒಂದು ಕೋಣೆಯನ್ನು ಬಿಟ್ಟುಕೊಡುವುದು, ವಾರಕ್ಕೊಮ್ಮೆ ಎದುರು ಕುಳಿತು ಕೇಳುವುದು, ಇಷ್ಟು ಸಾಕು. ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂಡಿಸಿದರೆ ಅಜ್ಜನೂ ಮೊಮ್ಮಗಳೂ ಒಂದೇ ಪಾಠವನ್ನು ಕಲಿಯಬಹುದು. ಒಬ್ಬರ ಕಿವಿ, ಇನ್ನೊಬ್ಬರ ಬೆರಳು ಪರಸ್ಪರ ನೆರವಾಗುತ್ತವೆ.

ಒಂದೆರಡು ವರುಷಗಳ ನಿಷ್ಠೆಯ ಅಭ್ಯಾಸವಾದ ಮೇಲೆ ಸೋಮವಾರದ ಭಜನೆಯಲ್ಲಿ, ಪೇಟಿಯ ಹಿಂದೆ ಕುಳಿತು, ಹಾಡುವವರ ಕಂಠವನ್ನು ನಾಲ್ಕು ಸ್ವರಗಳಲ್ಲಿಯಾದರೂ ಹಿಂಬಾಲಿಸುವ ಒಂದು ಪಿಟೀಲು ನಮ್ಮ ಊರುಗಳಲ್ಲಿ ಕೇಳಿಬರಲಿ. ಅದು ವಿದ್ವಾಂಸರ ಪಿಟೀಲು ಆಗಬೇಕಿಲ್ಲ. ಶ್ರುತಿ ಸೇರಿದರೆ ಸಾಕು. ಗುರುಕೃಪೆಯೂ ಮನೆಯವರ ಒತ್ತಾಸೆಯೂ ಅಂತಹ ಸಾಧಕರೆಲ್ಲರಿಗೆ ದೊರೆಯಲೆಂದು ಹಾರೈಸುತ್ತೇವೆ.