ಮನೆಮಗ ವೈದ್ಯನಾದ ಮೊದಲ ವರ್ಷ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಿಡಗುಂದಿಗೆ ಹೋಗಿದ್ದೆ. ಭಕ್ತರೊಬ್ಬರ ಮನೆಯಲ್ಲಿ ಪ್ರಸಾದವಾದ ಮೇಲೆ ಆ ಮನೆಯ ತಾಯಿ ಹತ್ತಿರ ಬಂದು, “ಗುರುಗಳ, ಹುಡುಗ ಪೂಜಿ ಬಿಟ್ಟಾನ್ರಿ. ಕೇಳಿದ್ರ ನಿದ್ದಿನ ಇಲ್ಲವ್ವಾ ಅಂತಾನ, ಫೋನ್ ಇಟ್ಟಬಿಡ್ತಾನ” ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ಮಗನು ಎಂ.ಬಿ.ಬಿ.ಎಸ್. ಮುಗಿಸಿ, ದೂರದ ನಗರವೊಂದರ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿ ಕೆಲವು ತಿಂಗಳುಗಳಾಗಿದ್ದವು. ಸೀಟು ದೊರೆತ ದಿನ ಓಣಿಗೆಲ್ಲ ಪೇಡೆ ಹಂಚಿದ ಮನೆ ಅದು.

ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಅಂದಿನಿಂದ ನಮ್ಮ ಒಕ್ಕಲು ಮನೆತನಗಳ ಮಕ್ಕಳು ವೈದ್ಯರಾಗುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಆದರೆ ಎಂ.ಬಿ.ಬಿ.ಎಸ್. ಮುಗಿದ ನಂತರ ಆ ಮಕ್ಕಳು ಯಾವ ಬೆಂಕಿಯ ಮೇಲೆ ನಡೆಯುತ್ತಾರೆಂಬುದು ಹೆತ್ತವರಿಗೆ ತಿಳಿದಿಲ್ಲ. ನನಗೂ ಆ ದಿನದವರೆಗೆ ತಿಳಿದಿರಲಿಲ್ಲ. ಆಮೇಲೆ ಪರಿಚಯದ ವೈದ್ಯರನ್ನು ಕೇಳಿ ತಿಳಿದುಕೊಂಡೆ.

ಸ್ನಾತಕೋತ್ತರ ವಿದ್ಯಾರ್ಥಿಯನ್ನು ‘ರೆಸಿಡೆಂಟ್’, ಅಂದರೆ ನಿವಾಸಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ಆಸ್ಪತ್ರೆಯೊಳಗೇ ವಾಸವಾಗಿದ್ದು ಹಗಲಿರುಳು ರೋಗಿಗಳ ಬಳಿ ಕಲಿಯುತ್ತಿದ್ದರು. ಮಠದಲ್ಲಿ ಬೆಳೆದ ನನಗೆ ಇದು ವಟುಗಳ ಜೀವನದಂತೆಯೇ ಕಂಡಿತು. ಗುರುವಿನ ಸನ್ನಿಧಿಯಲ್ಲಿದ್ದು ಕಲಿಯುವ ವಿದ್ಯೆಗೆ ಬೇರೆ ಮಾರ್ಗವಿಲ್ಲ. ಅಲ್ಲಿ ಶಸ್ತ್ರವೈದ್ಯರ ಈ ಶಿಕ್ಷಣಕ್ರಮವನ್ನು ರೂಪಿಸಿದ ವಿಲಿಯಂ ಹಾಲ್‌ಸ್ಟೆಡ್‌ರು ಮಹಾ ಮೇಧಾವಿಗಳು. ಆದರೆ ಅವರೇ ಮೊದಲು ಕೊಕೇನ್, ಅನಂತರ ಮಾರ್ಫಿನ್ ಚಟಕ್ಕೆ ಸಿಲುಕಿದ್ದರೆಂಬುದೂ ಇತಿಹಾಸವೇ.

ಮೊದಲ ವರ್ಷದವನ ದಿನಚರಿ ಹೀಗಿರುತ್ತದೆ. ಹಿರಿಯ ವೈದ್ಯರು ವಾರ್ಡಿಗೆ ಬರುವ ಮೊದಲೇ ಪ್ರತಿ ರೋಗಿಯ ನಾಡಿ, ರಕ್ತದೊತ್ತಡ, ಜ್ವರ, ರಾತ್ರಿಯ ಸ್ಥಿತಿಗತಿಗಳನ್ನು ಬರೆದಿಡಬೇಕು. ರಕ್ತದ ಮಾದರಿ ತೆಗೆಯಬೇಕು, ವರದಿಗಾಗಿ ಓಡಬೇಕು, ಗಾಯ ತೊಳೆದು ಪಟ್ಟಿ ಕಟ್ಟಬೇಕು, ಕೇಸ್ ಹಾಳೆಗಳನ್ನು ತುಂಬಬೇಕು. ತುರ್ತು ವಿಭಾಗದ ಪಾಳಿ ಬಂದರೆ ಆ ರಾತ್ರಿ ನಿದ್ರೆಯಿಲ್ಲ. ಮರುದಿನದ ಕೆಲಸ ಮಾತ್ರ ಎಂದಿನಂತೆಯೇ. ಮೇಲಾಗಿ ಭಾಷೆಯ ತೊಡಕು. ಹೊರರಾಜ್ಯದಿಂದ ವಿಜಯಪುರಕ್ಕೆ ಬಂದವನು ‘ಬ್ಯಾನಿ’ ಎಂದರೆ ನೋವು ಎಂಬುದನ್ನು ಸಿಸ್ಟರ್ ಬಾಯಿಂದಲೇ ಕಲಿಯಬೇಕು. ನಮ್ಮ ಹುಡುಗ ಹೊರನಾಡಿಗೆ ಹೋದರೂ ಅದೇ ಕಥೆ. ಇಷ್ಟರ ಮಧ್ಯೆ ಒಂದು ದಿನ, ತಾನು ಮೂರು ದಿನ ಆರೈಕೆ ಮಾಡಿದ ರೋಗಿ ತೀರಿಕೊಳ್ಳುತ್ತಾನೆ. ಹೊರಗೆ ನಿಂತ ಬಂಧುಗಳಿಗೆ ಆ ಮಾತನ್ನು ತಿಳಿಸುವ ಹೊಣೆ ಅನೇಕ ವೇಳೆ ಈ ಕಿರಿಯನ ಪಾಲಿಗೇ ಬರುತ್ತದೆ.

ಈ ಸ್ಥಿತಿಯನ್ನು ಸಮರ್ಥಿಸುವವರು ಕಾಯಕ ತತ್ತ್ವವನ್ನು ಮುಂದಿಡುವುದನ್ನು ಕೇಳಿದ್ದೇನೆ. ಕಾಯಕದಲ್ಲಿ ತೊಡಗಿದವನಿಗೆ ಉಳಿದೆಲ್ಲದರ ನೆನಪು ಹಾರಬೇಕೆಂಬ ಆಯ್ದಕ್ಕಿ ಮಾರಯ್ಯನವರ ನಿಲುವು ವಾಚಕರಿಗೆ ತಿಳಿದದ್ದೇ. ಆದರೆ ಮಾರಯ್ಯನವರನ್ನು ನೆನೆದವರು ಲಕ್ಕಮ್ಮನವರನ್ನು ಮರೆಯಬಾರದು. ಪತಿಯು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಇದು ನಮಗೆ ಸಲ್ಲದೆಂದು ಹಿಂದಿರುಗಿಸಿ ಬರಲು ಕಳಿಸಿದ ತಾಯಿ ಆಕೆ. ಕಾಯಕಕ್ಕೆ ಅಳತೆಯಿದೆ, ಅಳತೆ ಮೀರಿದ್ದು ಆಸೆಯ ಲಕ್ಷಣವೇ ಹೊರತು ಕಾಯಕವಲ್ಲ. ಆ ಆಸೆ ದುಡಿಯುವವನದಾಗಿರಲಿ, ದುಡಿಸಿಕೊಳ್ಳುವವರದಾಗಿರಲಿ. ವೈದ್ಯ ಸಂಗಣ್ಣನಂತಹ ಶರಣರು ವೈದ್ಯವೃತ್ತಿಯನ್ನೇ ಕಾಯಕವಾಗಿ ನಡೆಸಿದ ಪರಂಪರೆ ನಮ್ಮದು. ನಿದ್ದೆಗೆಟ್ಟ ಕೈಯಲ್ಲಿ ಸೂಜಿ ಹಿಡಿದರೆ ಅಪಾಯ ಯಾರಿಗೆ? ಮಂಚದ ಮೇಲೆ ಮಲಗಿದ ಬಡವನಿಗಲ್ಲವೆ?

ಈ ಅಳತೆಯನ್ನು ಕಾನೂನು ಕೂಡ ಹೇಳಿದೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಯುವತಿ ಮೃತಳಾದಳು. ಅವಳನ್ನು ನೋಡಿಕೊಂಡ ಕಿರಿಯ ವೈದ್ಯರ ದಣಿವು, ಹಿರಿಯರ ಮೇಲ್ವಿಚಾರಣೆಯ ಕೊರತೆಗಳು ಚರ್ಚೆಗೆ ಬಂದು, 1989ರಲ್ಲಿ ಆ ರಾಜ್ಯವು ವಾರಕ್ಕೆ 80 ಗಂಟೆಗಳ ಮಿತಿ ಹಾಕಿತು. ನಮ್ಮ ಕೇಂದ್ರ ಸರಕಾರದ 1992ರ ಆದೇಶವು ಸತತ ಕೆಲಸ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ವಾರದ ರಜೆಯನ್ನೂ ವರ್ಷಕ್ಕೆ ಕನಿಷ್ಠ 20 ದಿನಗಳ ಸಾಂದರ್ಭಿಕ ರಜೆಯನ್ನೂ ಹೇಳುತ್ತವೆ. ಅದೇ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಸಾಕೆಂದು ಶಿಫಾರಸು ಮಾಡಿತು. ಅದರ ಸಮೀಕ್ಷೆಗೆ ಉತ್ತರಿಸಿದ 5,337 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನೂರಕ್ಕೆ 31 ಮಂದಿ ಆತ್ಮಹತ್ಯೆಯ ವಿಚಾರ ಮನಸ್ಸಿನಲ್ಲಿ ಬಂದುದನ್ನು ಒಪ್ಪಿಕೊಂಡಿದ್ದರು. ಈ ಅಂಕಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಮನೆಯವರು ಆಸ್ಪತ್ರೆಯ ಪಾಳಿಯನ್ನು ಬದಲಿಸಲಾರರು, ನಿಜ. ಆದರೆ ತಮ್ಮ ಕಡೆಯಿಂದ ಭಾರ ಹೇರದಿರಬಹುದಲ್ಲ. ಫೋನು ಎತ್ತಲಿಲ್ಲವೆಂದು ಮುನಿಯಬಾರದು. ಊರಿನ ರೋಗಿಗಳಿಗೆಲ್ಲ “ನಮ್ಮ ಹುಡುಗನ್ನ ಕಾಣ್ರಿ, ಬೇಗ ನೋಡಸ್ತಾನ” ಎಂದು ಚೀಟಿ ಕೊಟ್ಟು ಕಳಿಸಬಾರದು. ಮೊದಲ ವರ್ಷದಲ್ಲಿಯೇ ಕನ್ಯೆ ತೋರಿಸುವ ಅವಸರ ಬೇಡ. ಹೆಣ್ಣುಮಗಳಾದರೆ ವರ ನೋಡುವ ಒತ್ತಾಯವೂ ಬೇಡ. ಹಣದ ಲೆಕ್ಕವನ್ನಂತೂ ಎತ್ತಲೇಬಾರದು. ಮಾತಿನಲ್ಲಿ ನಿರಾಶೆ ಕಂಡರೆ “ಗಟ್ಟಿಯಾಗು” ಎಂದು ಉಪದೇಶಿಸದೆ, ಒಬ್ಬರು ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮಕ್ಕಳಿಗೂ ಒಂದು ಮಾತು. ತಿಳಿಯದುದನ್ನು ತಿಳಿಯದೆಂದು ಹಿರಿಯರಿಗೆ ಹೇಳುವುದು ಅವಮಾನವಲ್ಲ; ನಡುರಾತ್ರಿಯಾದರೂ ಎಬ್ಬಿಸಿ ಕೇಳಬೇಕು. ರಾತ್ರಿಪಾಳಿ ಮುಗಿಸಿ ದ್ವಿಚಕ್ರವಾಹನ ಹತ್ತಬಾರದು.

ಆ ತಾಯಿಗೆ ನಾನು ಅಂದು ಹೇಳಿದ್ದಿಷ್ಟೆ: “ಲಿಂಗ ಆತನ ಎದಿ ಮ್ಯಾಲ ಐತಿ ತಾಯಿ, ಎಲ್ಲಿಗೂ ಹೋಗಿಲ್ಲ. ನೀವು ರೊಟ್ಟಿ ಕಳಸ್ರಿ.” ಅವರು ತಿಂಗಳಿಗೊಮ್ಮೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿ ಕಳಿಸತೊಡಗಿದರು. ಕೆಡದ ಆಹಾರ, ಯಾವ ಹೊತ್ತಿನಲ್ಲಿ ಬಿಡುವಾದರೂ ಮುರಿದು ತಿನ್ನಬಹುದು.

ದೀಪಾವಳಿಗೆ ಹುಡುಗನಿಗೆ ಎರಡು ದಿನ ರಜೆ ಸಿಕ್ಕಿತಂತೆ. ನಸುಕಿನಲ್ಲಿ ಬಂದವನು ಮಲಗಿಬಿಟ್ಟ. ನೋಡಲು ಬಂದ ನೆಂಟರನ್ನೆಲ್ಲ ತಾಯಿ ಕಟ್ಟೆಯ ಮೇಲೆಯೇ ಕೂರಿಸಿ, ಚಹಾ ಕೊಟ್ಟು ಕಳಿಸಿದರಂತೆ. ಹೊತ್ತು ಮುಳುಗುವಾಗ ಎದ್ದು, ಸ್ನಾನ ಮಾಡಿ, ಯಾರೂ ಹೇಳದೆಯೇ ಪೂಜೆಗೆ ಕುಳಿತನೆಂದು ಮೊನ್ನೆ ತಿಳಿಸಿದರು.