ಸೋತರೂ ಕಥೆ ಮುಗಿಯದ ಕುಸ್ತಿ

ತೊಂಬತ್ತರ ದಶಕದಲ್ಲಿ ನಮ್ಮ ಮಕ್ಕಳ ಜೇಬಿನಲ್ಲಿ ಗೋಲಿಯ ಜೊತೆಗೆ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡುಗಳೂ ಇರುತ್ತಿದ್ದವು. ಅಂಡರ್‌ಟೇಕರ್ ಎತ್ತರವೆಷ್ಟು, ಯೊಕೊಜುನಾ ತೂಕವೆಷ್ಟು ಎಂಬುದು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಆಗ ಮನೆಯ ಹಿರಿಯರ ಮಾತು ಒಂದೇ: 'ಅದೆಲ್ಲ ನಾಟಕ ಕಣೋ, ಗೆಲ್ಲುವವನು ಯಾರೆಂದು ಮೊದಲೇ ಬರೆದಿಟ್ಟಿರುತ್ತಾರೆ!'

ಮಾತು ಸುಳ್ಳೇನಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಆ ಸಂಸ್ಥೆಯೇ ತನ್ನದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ನಿಯಂತ್ರಣದಿಂದ ಪಾರಾಗುವುದು ಅದರ ಉದ್ದೇಶವಾಗಿತ್ತು. ಆದರೂ ಜನ ನೋಡುವುದನ್ನು ಬಿಡಲಿಲ್ಲ. ಬಯಲಾಟದಲ್ಲಿ ದುರ್ಯೋಧನ ಬೀಳುವುದು ಖಚಿತವೆಂದು ತಿಳಿದೂ ಬೆಳಗಿನವರೆಗೆ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೆ ಇಂಥ ಕುಸ್ತಿಯನ್ನು ವಿಡಿಯೋ ಗೇಮ್ ಮಾಡುವುದು ಹೇಗೆ? ಗೇಮಿನ ಫಲಿತಾಂಶ ಮೊದಲೇ ಗೊತ್ತಿರುವಂತಿಲ್ಲ. ಬರೀ ಗುದ್ದಾಟವಾದರೆ ಅದು ಆ ಕುಸ್ತಿಯೇ ಅಲ್ಲ. ಈ ತೊಡಕನ್ನು ಬಿಡಿಸಿದ್ದು 2000ದ ನವೆಂಬರ್‌ನಲ್ಲಿ ನಿಂಟೆಂಡೊ 64 ಯಂತ್ರಕ್ಕಾಗಿ ಬಂದ 'ಡಬ್ಲ್ಯೂಡಬ್ಲ್ಯೂಎಫ್ ನೋ ಮರ್ಸಿ'. ತಯಾರಿಸಿದ್ದು ಜಪಾನಿನ ಅಸ್ಮಿಕ್ ಏಸ್ ಮತ್ತು ಎಕೆಐ ಕಂಪನಿಗಳು, ಹೊರತಂದದ್ದು ಅಮೆರಿಕದ ಟಿಎಚ್‌ಕ್ಯು.

ಹುರುಪಿನ ಲೆಕ್ಕ

ಇದರ ಗುಟ್ಟು ಎರಡು. ಮೊದಲನೆಯದು ಹಿಡಿತ. ಗುಂಡಿಯನ್ನು ಮೆಲ್ಲನೆ ತಟ್ಟಿದರೆ ಸಡಿಲ ಹಿಡಿತ, ಒತ್ತಿ ಹಿಡಿದರೆ ಬಿಗಿ ಹಿಡಿತ. ಅಲ್ಲಿಂದ ಯಾವ ದಿಕ್ಕಿಗೆ ಒತ್ತುತ್ತೀರೋ ಅದಕ್ಕೆ ತಕ್ಕ ಪಟ್ಟು. ಹತ್ತು ನಿಮಿಷದಲ್ಲಿ ಹುಡುಗನೊಬ್ಬ ಕಲಿತುಬಿಡಬಹುದು. ಆದರೆ ಬಿಗಿ ಹಿಡಿತಕ್ಕೆ ಕೈಹಾಕಿದಾಗ ಎದುರಾಳಿಗೆ ತಿರುಗಿ ಬೀಳಲು ಹೆಚ್ಚು ಸಮಯ ಸಿಗುತ್ತದೆ. ಆತುರಗಾರನಿಗೆ ಪೆಟ್ಟು ತಪ್ಪದು.

ಎರಡನೆಯದು ಹುರುಪಿನ ಪಟ್ಟಿ. ಬೇರೆ ಹೊಡೆದಾಟದ ಗೇಮುಗಳಲ್ಲಿ ಪ್ರಾಣಶಕ್ತಿಯ ಪಟ್ಟಿ ಪೆಟ್ಟು ಬಿದ್ದಂತೆ ಕರಗುತ್ತಾ ಹೋಗುತ್ತದೆ; ಖಾಲಿಯಾದರೆ ಆಟ ಮುಗಿಯಿತು. ಇಲ್ಲಿ ಪಟ್ಟಿ ಏರಿಳಿಯುತ್ತದೆ. ಪಟ್ಟು ಹಾಕಿದರೆ ಏರುತ್ತದೆ, ತಿಂದರೆ ಇಳಿಯುತ್ತದೆ, ತೊಡೆ ತಟ್ಟಿದಂತೆ ಪ್ರೇಕ್ಷಕರತ್ತ ಕೈಬೀಸಿ ಜಂಭ ಕೊಚ್ಚಿದರೂ ಏರುತ್ತದೆ! ತುಂಬಿದಾಗ ಸ್ವಲ್ಪ ಹೊತ್ತು ಮಾತ್ರ ಆ ಮಲ್ಲನ ಹೆಸರಾಂತ ಕೊನೆಯ ಪಟ್ಟನ್ನು ಹಾಕಬಹುದು. ಹಾಗಾಗಿ ನೆಲಕಚ್ಚಿದವನು ಮತ್ತೆ ಎದ್ದು ನಿಲ್ಲುವ ಗಳಿಗೆ ಪ್ರತಿ ಕಾಳಗದಲ್ಲೂ ಬರಬಹುದು. ಟೀವಿಯ ಮುಂದೆ ಜನ ಕಾಯುತ್ತಿದ್ದುದೂ ಅದೇ ಗಳಿಗೆಗಾಗಿ.

ಪ್ರಶಸ್ತಿ ಪಟ್ಟಗಳ ಕಥೆಗಳಲ್ಲಿಯೂ ಇದೇ ನೀತಿ. ಸೋತರೆ ಮತ್ತೆ ಮೊದಲಿನಿಂದ ಆಡಬೇಕಿಲ್ಲ. ಕಥೆ ಬೇರೆ ದಾರಿ ಹಿಡಿಯುತ್ತದೆ. ಎಲ್ಲ ದಾರಿ ಕಾಣಬೇಕಾದರೆ ಕೆಲವೊಮ್ಮೆ ಸೋಲಲೇಬೇಕು. ಗೆದ್ದು ಕೂಡಿಟ್ಟ ಹಣದಿಂದ ಗೇಮಿನೊಳಗಿನ ಅಂಗಡಿಯಲ್ಲಿ ಆಂಡ್ರೆ ದ ಜಯಂಟ್‌ನಂಥ ಹಳೆಯ ಮಲ್ಲರನ್ನು ಪಡೆಯಬಹುದು. ತನ್ನದೇ ಮಲ್ಲನನ್ನು ರೂಪಿಸಿ ಅಖಾಡಕ್ಕೆ ಇಳಿಸಲೂಬಹುದು.

ಮರೆವಿನ ರೋಗ

ಕುಂದುಗಳೂ ಕಡಿಮೆಯಿರಲಿಲ್ಲ. ನಾಲ್ವರು ಮಲ್ಲರು ಒಟ್ಟಿಗೆ ಇಳಿದರೆ ಯಂತ್ರ ಏದುಸಿರು ಬಿಟ್ಟು ಆಟ ನಿಧಾನವಾಗುತ್ತಿತ್ತು. ಗುಂಪು ಕಾಳಗದಲ್ಲಿ ಯಾರತ್ತ ತಿರುಗಬೇಕೆಂಬುದನ್ನು ಗುಂಡಿ ಒತ್ತಿ ಬದಲಿಸಬೇಕಿತ್ತು. ಅಷ್ಟರಲ್ಲಿ ಬೆನ್ನಿಗೆ ಪೆಟ್ಟು ಬಿದ್ದಿರುತ್ತಿತ್ತು. ಕಾರ್ಟ್ರಿಜ್‌ನಲ್ಲಿ ಜಾಗ ಕಡಿಮೆಯಿದ್ದುದರಿಂದ ಮಲ್ಲರ ಪ್ರವೇಶದ ವೈಭವ ಮೊಟಕಾಯಿತು. ವೀಕ್ಷಕ ವಿವರಣೆಯಂತೂ ಇರಲೇ ಇಲ್ಲ.

ಇವನ್ನೆಲ್ಲ ಆಟಗಾರರು ಸಹಿಸಿಕೊಂಡರು. ಸಹಿಸಲಾಗದ ದೋಷ ಒಂದಿತ್ತು. ಮೊದಲು ಮಾರಾಟವಾದ ಕಾರ್ಟ್ರಿಜ್‌ಗಳು ಉಳಿಸಿಟ್ಟ ಆಟವನ್ನು ಇದ್ದಕ್ಕಿದ್ದಂತೆ ಅಳಿಸಿಹಾಕುತ್ತಿದ್ದವು. ಗೆದ್ದ ಪಟ್ಟ, ಕೊಂಡ ಮಲ್ಲರು, ಕೈಯಾರೆ ರೂಪಿಸಿದ ವೀರ, ಎಲ್ಲವೂ ಮಾಯ! ಟಿಎಚ್‌ಕ್ಯು ಬದಲಿ ಕಾರ್ಟ್ರಿಜ್ ಕೊಟ್ಟಿತು. ಕಳೆದ ಆಟ ಮಾತ್ರ ಮರಳಲಿಲ್ಲ. ಬೇರೆ ಗೇಮಿನಲ್ಲಾಗಿದ್ದರೆ ಇದು ಸಣ್ಣ ತೊಂದರೆ. ಸೋಲನ್ನೂ ಕಥೆಯಾಗಿಸುವುದೇ ಹೆಚ್ಚುಗಾರಿಕೆಯಾದ ಗೇಮಿನಲ್ಲಿ ನೆನಪು ಅಳಿದರೆ ಉಳಿಯುವುದೇನು?

ಆದರೂ ಅದನ್ನು ಜನ ಮರೆಯಲಿಲ್ಲ. 2002ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ತನ್ನ ಹೆಸರನ್ನೇ ಡಬ್ಲ್ಯೂಡಬ್ಲ್ಯೂಇ ಎಂದು ಬದಲಿಸಿಕೊಂಡಿತು. ಮುಂದೆ ಟಿಎಚ್‌ಕ್ಯು ದಿವಾಳಿಯಾಯಿತು. ಅಭಿಮಾನಿಗಳು ಮಾತ್ರ ಹಳೆಯ ಗೇಮಿನೊಳಗೆ ಹೊಸ ಮಲ್ಲರನ್ನು ಸೇರಿಸಿ ಇಂದಿಗೂ ಕಂಪ್ಯೂಟರಿನಲ್ಲಿ ಆಡುತ್ತಾರೆ. 2023ರಲ್ಲಿ ಬಂದ 'ಎಇಡಬ್ಲ್ಯೂ: ಫೈಟ್ ಫಾರೆವರ್' ತಯಾರಿಕೆಗೆ 'ನೋ ಮರ್ಸಿ'ಯ ನಿರ್ದೇಶಕ ಹಿದೆಯುಕಿ ಇವಾಶಿತ ಅವರನ್ನೇ ಕರೆದು ತಂದರು. ಅಷ್ಟು ಹೊತ್ತಿಗೆ ಗೇಮುಗಳಲ್ಲಿ ಮಲ್ಲರ ಬೆವರ ಹನಿಯೂ ಕಾಣುವಂತಾಗಿತ್ತು. ಆಟಗಾರರು ಹಂಬಲಿಸುತ್ತಿದ್ದುದು ಬೆವರಿಗಲ್ಲ, ಬಿದ್ದವನು ಏಳುವ ಆ ಗಳಿಗೆಗೆ.