ಪೋಡಿನ ಅಜ್ಜ ಹೇಳಿಕೊಟ್ಟ ಬಂದಳಿಕೆ ಪಾಠ

ಕಳೆದ ಭಾನುವಾರ ತೋಟಕ್ಕೆ ರಜೆ ಹಾಕಿ, ಅಮ್ಮ, ಹೆಂಡತಿ, ಮಗಳ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ದೇವಸ್ಥಾನ ಮುಗಿಸಿ, ಪರಿಚಯದ ಸೋಲಿಗ ರೈತರೊಬ್ಬರು ಕರೆದಿದ್ದರಿಂದ ಅವರ ಪೋಡಿಗೆ ಹೋದ್ವಿ. ಸೋಲಿಗರು ತಮ್ಮ ಹಾಡಿಗೆ ಪೋಡು ಅಂತಾರೆ. ರಂಗನಾಥ ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನೋದು ಅವರ ನಂಬಿಕೆ. ಹಾಗಾಗಿ ದೇವರೇ ಅವರಿಗೆ ಭಾವ!

"ಅಪ್ಪಾ, ಡ್ಯಾನ್ಸ್ ಯಾವಾಗ?" ಅಂದಳು ಮಗಳು. ನನಗೆ ನಾಚಿಕೆಯಾಯ್ತು. ಕಾರಲ್ಲಿ ಅವಳಿಗೆ ಹಾಗೆ ಆಸೆ ಹುಟ್ಟಿಸಿದ್ದು ನಾನೇ. ಕೇಳದೆ ಫೋಟೋ ತೆಗೆಯಲು ಎತ್ತಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ಮನೆಯ ಅಜ್ಜ ಕಾಡುಮರಗಳ ನೆರಳಲ್ಲಿ ಬೆಳೆದ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ತೋರಿಸಿದರು. ಆಮೇಲೆ ಒಂದು ನೆಲ್ಲಿ ಮರದ ಕೆಳಗೆ ನಿಂತರು. ಕೊಂಬೆ ತುಂಬಾ ಬಂದಳಿಕೆ. ಅವರು ಅದಕ್ಕೆ ಉಪ್ಪಿಲು ಅಂತಾರೆ.

ನನ್ನ ತೋಟದ ಎರಡು ನೆಲ್ಲಿ ಮರ ಒಣಗ್ತಿರೋದೂ ಇದರಿಂದಲೇ. ಎಲೆ ಕಿತ್ತೆ, ಮತ್ತೆ ಚಿಗುರಿತು ಅಂದೆ.

ಅಜ್ಜ ನಕ್ಕರು. "ಎಲೆ ಕಿತ್ರೆ ಏನಾಯ್ತದೆ? ಬೇರು ಕೊಂಬೆ ಒಳಗದೆ!"

ತೋಟಗಾರಿಕೆ ಪರೀಕ್ಷೆಗೆ ಇದನ್ನೇ ಓದಿ ಬರೆದಿದ್ದೆ. ತೋಟದಲ್ಲಿ ಮರೆತಿದ್ದೆ.

ಹಿಂದೆ ಸೋಲಿಗರು ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಹಾಕ್ತಿದ್ರು. ಅದೇ ತರಗು ಬೆಂಕಿ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಆಮೇಲೇ ಉಪ್ಪಿಲು, ಲಂಟಾನ ಎರಡೂ ಹೆಚ್ಚಿದವು ಅನ್ನೋದು ಹಿರಿಯರ ಅನುಭವ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತಗೊಂಡು ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ಹಾಗಂತ ನೀವು ಬೆಂಕಿ ಹಾಕಬೇಡಿ. ಕಾಡಲ್ಲಿ ಅದು ಅಪರಾಧ, ತೋಟದಲ್ಲಿ ಮಣ್ಣಿಗೆ ನಷ್ಟ. ನಿಮ್ಮ ಮಾವು, ಸಪೋಟ, ನೆಲ್ಲಿಯಲ್ಲಿ ಬಂದಳಿಕೆ ಇದ್ದರೆ:

• ಅಂಟಿದ ಜಾಗದಿಂದ ಒಂದು ಅಡಿ ಕೆಳಗೆ, ಅಂದ್ರೆ ಕಾಂಡದ ಕಡೆಗೆ, ಕೊಂಬೆಯನ್ನೇ ಕತ್ತರಿಸಿ.
• ಹಣ್ಣಾಗುವ ಮೊದಲೇ ಕತ್ತರಿಸಿ. ಹಣ್ಣು ತಿಂದ ಹಕ್ಕಿಗಳೇ ಬೀಜ ಹರಡೋದು.
• ಕತ್ತರಿಸಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ.
• ಅಕ್ಕಪಕ್ಕದ ತೋಟದವರಿಗೂ ಹೇಳಿ. ಒಬ್ಬರೇ ಮಾಡಿದ್ರೆ ಹಕ್ಕಿ ಮತ್ತೆ ತರುತ್ತೆ.

ಪೋಡಿಗೆ ಹೋಗೋದಾದ್ರೆ ಕರೆದವರ ಮನೆಗೆ ಹೋಗಿ, ಕೇಳಿ ಫೋಟೋ ತೆಗೀರಿ, ಜೇನು, ಕಾಫಿ ಕೊಂಡರೆ ಚೌಕಾಸಿ ಮಾಡಬೇಡಿ.

ವಾಪಸ್ ಬರುವಾಗ ಮಗಳು ಡ್ಯಾನ್ಸ್ ವಿಷಯ ಎತ್ತಲಿಲ್ಲ. "ನಮ್ಮ ಮರ ಬದುಕುತ್ತಾ?" ಅಂತ ಕೇಳಿದಳು. ಸೋಮವಾರ ಬೆಳಿಗ್ಗೆ ಗರಗಸ ಹಿಡಿದೆ. ಒಂದು ಮರ ಉಳಿಯೋ ಹಾಗಿದೆ. ಇನ್ನೊಂದು ತಡವಾಯ್ತು.